ಏನೂ ಆಗಿಲ್ಲ ಎಂಬ ಮಾತು

"ನನಗೇನೂ ಆಗಿಲ್ಲ ಕಣೇ, ನೀನು ಮೊದಲು ಮಗೂನ ನೋಡು."

2012ರ ಮೇ ತಿಂಗಳ ಒಂದು ಮಧ್ಯಾಹ್ನ, ತಿಪಟೂರಿನಿಂದ ಅರಸೀಕೆರೆಗೆ ಬರುವ ರಸ್ತೆಯ ಬದಿಯಲ್ಲಿ, ಹೊಂಗೆ ಮರಕ್ಕೆ ಬಡಿದು ನಿಂತ ಬಾಡಿಗೆ ಕಾರಿನಿಂದ ಇಳಿಯುತ್ತಾ ನಮ್ಮ ಅತ್ತೆ ಹೇಳಿದ ಮಾತಿದು. ಮದುವೆ ಮುಗಿಸಿಕೊಂಡು ಕಡೂರಿಗೆ ವಾಪಸು ಬರುತ್ತಿದ್ದೆವು. ಮುಂದೆ ಹೋಗುತ್ತಿದ್ದ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು ಕೈ ತೋರಿಸದೆ ತೋಟದ ದಾರಿಗೆ ತಿರುಗಿಬಿಟ್ಟಿತು. ಡ್ರೈವರ್ ಹುಡುಗ ಬ್ರೇಕ್ ಒತ್ತಿದ, ಕಾರು ಜಾರಿತು, ಮರಕ್ಕೆ ಪಕ್ಕೆ ಕೊಟ್ಟು ನಿಂತಿತು. ಪೇಪರಿನಲ್ಲಿ ಬರುವಂಥ ಅಪಘಾತವೇನಲ್ಲ.

ಎಂಟು ವರ್ಷದ ನನ್ನ ಮಗಳ ಹಣೆ ಒಡೆದು ರಕ್ತ ಸುರಿಯುತ್ತಿತ್ತು. ನಾನು ಕೈಕಾಲು ಬಿಟ್ಟಿದ್ದೆ. ಎಪ್ಪತ್ತೊಂದು ವರ್ಷದ ಅತ್ತೆಯೇ ತಮ್ಮ ಮದುವೆ ಸೀರೆಯ ಸೆರಗನ್ನು ಮುದುರಿ ಹಣೆಗೆ ಒತ್ತಿ ಹಿಡಿದರು, ಅಳುತ್ತಿದ್ದ ಡ್ರೈವರನಿಗೆ ನೀರು ಕುಡಿಸಿದರು, ಚೆಲ್ಲಾಪಿಲ್ಲಿಯಾಗಿದ್ದ ತಾಂಬೂಲದ ಚೀಲಗಳನ್ನು ಎಣಿಸಿ ಇಟ್ಟುಕೊಂಡರು. ಅರಸೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಮಗುವಿಗೆ ನಾಲ್ಕು ಹೊಲಿಗೆ ಬಿತ್ತು. ಅಷ್ಟು ಹೊತ್ತೂ ಅತ್ತೆ ಹೊರಗೆ ಬೆಂಚಿನ ಮೇಲೆ ಚೀಲ ಕಾಯುತ್ತಾ ಕೂತಿದ್ದರು. "ಇನ್ಯಾರಿಗಾದರೂ ಪೆಟ್ಟಾಗಿದೆಯಾ?" ಎಂದು ಡಾಕ್ಟರು ಕೇಳಿದಾಗ "ಇಲ್ಲ" ಎಂದವಳು ನಾನೇ. ಅತ್ತೆಯನ್ನು ಕೇಳಲೂ ಇಲ್ಲ.

ಮೂರು ನಾಲ್ಕು ವಾರ ಕಳೆಯಿತು. ಮಗುವಿನ ಹಣೆಯ ಗಾಯ ಒಣಗಿ ಗೆರೆಯಾಯಿತು, ಸ್ಕೂಲು ಶುರುವಾಯಿತು. ಬೆಳಿಗ್ಗೆ ಎದ್ದರೆ ತಲೆ ಭಾರ ಎಂದು ಅತ್ತೆ ಹೇಳತೊಡಗಿದರು. ಪಿತ್ತ ಎಂದುಕೊಂಡು ಶುಂಠಿ ಕಷಾಯ ಮಾಡಿಕೊಟ್ಟೆ, ಅಮೃತಾಂಜನ ತಿಕ್ಕಿದೆ. ಬಾಗಿಲ ಮುಂದಿನ ರಂಗೋಲಿ ಒಂದು ಕಡೆಗೆ ಜಗ್ಗಿದಂತೆ ಕಾಣುತ್ತಿತ್ತು. ಜೀವಮಾನವಿಡೀ ಹೂಬತ್ತಿ ಹೊಸೆದ ಬೆರಳುಗಳಿಗೆ ಬತ್ತಿ ಹೊಸೆಯಲು ಬರುತ್ತಿರಲಿಲ್ಲ. ಅಂಗಡಿಗೆ ಹೋಗಿ ಬರುವಾಗ ಬಲಗಾಲಿನ ಚಪ್ಪಲಿ ದಾರಿಯಲ್ಲೇ ಬಿಟ್ಟುಹೋಗುತ್ತಿತ್ತು; ಬಿಟ್ಟುಹೋದದ್ದು ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಎದುರು ಮನೆ ಹುಡುಗ ಎರಡು ಸಲ ತಂದುಕೊಟ್ಟ. ನಾವು ನಕ್ಕೆವು. ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ ಮಾತ್ರ ನನಗೆ ನಗು ಬರಲಿಲ್ಲ. "ಗಮನ ಎಲ್ಲಿರುತ್ತೆ ಅತ್ತೆ ನಿಮಗೆ?" ಎಂದು ನೆಂಟರ ಮುಂದೆಯೇ ಗದರಿದೆ. ಅವರು ಏನೂ ಹೇಳದೆ ಹಿತ್ತಲಿಗೆ ಹೋದರು. ಆ ಬೆನ್ನು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ತೋರಿಸದೆ ಇರಲಿಲ್ಲ, ತೋರಿಸಿದೆವು. ವಯಸ್ಸಾಯಿತು, ಮರೆವು ಸಹಜ, ಬಿಪಿ ಸ್ವಲ್ಪ ಹೆಚ್ಚಿದೆ ಎಂದು ಮಾತ್ರೆ ಬರೆದುಕೊಟ್ಟರು. ಜೂನ್ ಕೊನೆಯ ಒಂದು ರಾತ್ರಿ ವಾಂತಿಯಾಯಿತು, ಎಬ್ಬಿಸಿದರೆ ಏಳದಂಥ ಮಂಪರು. ದೊಡ್ಡಾಸ್ಪತ್ರೆಗೆ ಓಡಿದೆವು. ರಾತ್ರಿ ಪಾಳಿಯಲ್ಲಿದ್ದ ಡಾಕ್ಟರು ಇನ್ನೂ ಹುಡುಗಿ. ಅತ್ತೆಯ ಎರಡು ಕೈಗಳನ್ನೂ ಮುಂದಕ್ಕೆ ಚಾಚಿಸಿ ನೋಡಿದಳು. ಬಲಗೈ ಮೆಲ್ಲಗೆ ಕೆಳಗಿಳಿಯಿತು. "ಒಂದೆರಡು ತಿಂಗಳಲ್ಲಿ ಇವರು ಎಲ್ಲಾದರೂ ಬಿದ್ದಿದ್ದರಾ? ತಲೆಗೆ ಏಟು?" ಎಂದು ಕೇಳಿದಳು. ಇಲ್ಲ ಎಂದು ನಾನೂ ನಮ್ಮ ಯಜಮಾನರೂ ಒಟ್ಟಿಗೇ ಹೇಳಿದೆವು. ಪಕ್ಕದಲ್ಲಿ ನಿದ್ದೆಗಣ್ಣಲ್ಲಿ ನಿಂತಿದ್ದ ಮಗಳು, "ಅವತ್ತು ಕಾರಲ್ಲಿ ಅಜ್ಜಿ ತಲೆ ಕಿಟಕಿಗೆ ಟಕ್ ಅಂತ ಬಡೀತಲ್ಲಮ್ಮ" ಎಂದಳು.

ಸ್ಕ್ಯಾನಿನಲ್ಲಿ ಮಿದುಳಿನ ಎಡ ಮಗ್ಗುಲಿಗೆ ಬಾಳೆಹಣ್ಣಿನ ಹೋಳಿನ ಆಕಾರದ ನೆರಳು ಕಂಡಿತು. ರಕ್ತ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದಂತೆ. ಮಿದುಳಿನಿಂದ ಅದರ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಆಗ ಬಿಗಿದ ದಾರದಂತೆ ಇರುತ್ತವೆ. ಒಂದು ಜಗ್ಗು ಸಾಕು, ಹರಿಯುತ್ತವೆ. ತಲೆ ಬಡಿಯಲೇಬೇಕೆಂದೂ ಇಲ್ಲ. ರಕ್ತ ಧಾರೆಯಾಗಿ ಸುರಿಯುವುದಿಲ್ಲ, ಒರತೆಯಂತೆ ಜಿನುಗುತ್ತದೆ, ವಾರಗಟ್ಟಲೆ. ಅತ್ತೆಗೆ ಹೃದಯಕ್ಕೆಂದು ದಿನಕ್ಕೊಂದು ಆಸ್ಪಿರಿನ್ ಇತ್ತು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಆ ಗುಳಿಗೆ ಜಿನುಗುವಿಕೆಗೆ ಅನುಕೂಲ ಮಾಡಿಕೊಟ್ಟಿತ್ತು. ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ಆ ರಕ್ತವನ್ನು ಹೊರತೆಗೆದರು. ಮೂರನೆಯ ದಿನ ಅತ್ತೆ ಎದ್ದು ಕೂತು, ಆಸ್ಪತ್ರೆಯ ಸಾರಿಗೆ ಉಪ್ಪೇ ಇಲ್ಲ ಎಂದರು. ನಾನು ಹೊರಗೆ ಹೋಗಿ ಅತ್ತೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜವನ್ನೂ ಇಂಗ್ಲಿಷನ್ನೂ ಪಾಠ ಮಾಡಿದವಳು. ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ನಿದ್ದೆಯಲ್ಲೂ ಹೇಳಿಯೇನು. ಆದರೆ ಒಂದು ಏಟು ಬಿದ್ದ ದಿನ ಕಾಣದೆ ಆಮೇಲೆ ಕಾಣುತ್ತದೆ ಎಂಬ ಇಷ್ಟು ಸರಳ ಸಂಗತಿಯನ್ನು ಮನುಷ್ಯರು ಯಾವಾಗ ತಿಳಿದುಕೊಂಡರು ಎಂದು ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಹುಡುಕಿ ಓದತೊಡಗಿದೆ. ದೊಡ್ಡದೊಡ್ಡವರೂ ನನ್ನ ಹಾಗೆಯೇ ತಪ್ಪಿದ್ದಾರೆ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅತ್ತೆಗೆ ಆದಂಥ ರಕ್ತದ ಪದರವನ್ನು 1857ರಲ್ಲಿ ವಿವರವಾಗಿ ವರ್ಣಿಸಿದವರು ಜರ್ಮನಿಯ ಮಹಾ ವೈದ್ಯ ವಿರ್ಕೋ. ಅದು ಮಿದುಳಿನ ಹೊದಿಕೆಯ ಉರಿಯೂತದಿಂದ ಬರುತ್ತದೆ ಎಂದು ಅವರು ಹೇಳಿದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಎದುರಾಡುವವರು ಯಾರು? 1914ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲ್‌ಫ್ರೆಡ್ ಟ್ರಾಟರ್ ಎಂಬುವವರು, ಇದು ಉರಿಯೂತವಲ್ಲ, ಏಟಿನ ಫಲ ಎಂದು ಬರೆದರು. ಏಟು ಎಷ್ಟು ಸಣ್ಣದು, ಎಷ್ಟು ಹಳೆಯದು ಎಂದರೆ ರೋಗಿಯೂ ಮನೆಯವರೂ ಅದನ್ನು ಮರೆತೇ ಬಿಟ್ಟಿರುತ್ತಾರೆ. ಐವತ್ತೇಳು ವರ್ಷ ಒಂದು ಟಕ್ ಸದ್ದನ್ನು ಯಾರೂ ಸರಿಯಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ನೆರಳನ್ನು ತೋರಿಸುವ ಸ್ಕ್ಯಾನ್ ಯಂತ್ರವಂತೂ ನಿನ್ನೆ ಮೊನ್ನೆಯದು. ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರು ಕಟ್ಟಿದ ಯಂತ್ರದಲ್ಲಿ ಮೊಟ್ಟಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಆ ರೋಗಿ ಒಬ್ಬ ಹೆಂಗಸು.

ಇಷ್ಟು ಡಾಕ್ಟರುಗಳ ಕಥೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಕಾದಂಬರಿಕಾರನ ಕಥೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಓದಿದ ನಮ್ಮ ನಾದಿನಿಯ ಮಗಳು, "ಅತ್ತೆ, ನಿಮಗೆ ಇದು ಹಿಡಿಸುತ್ತೆ" ಎಂದು ಒಂದು ಪುಸ್ತಕ ಕೊಟ್ಟಳು. ಕ್ಲೇರ್ ಟೊಮಾಲಿನ್ ಎಂಬ ಲೇಖಕಿ 1990ರಲ್ಲಿ ಬರೆದ ಎಲೆನ್ ಟರ್ನನ್ ಎಂಬಾಕೆಯ ಜೀವನ ಚರಿತ್ರೆ. ಎಲೆನ್ ಯಾರೆಂದರೆ, ಆಲಿವರ್ ಟ್ವಿಸ್ಟನನ್ನು ಸೃಷ್ಟಿಸಿದ ಚಾರ್ಲ್ಸ್ ಡಿಕನ್ಸನ ಗುಟ್ಟಿನ ಸಂಗಾತಿ.

1865ರ ಜೂನ್ 9, ಶುಕ್ರವಾರ. ಫ್ರಾನ್ಸಿನಿಂದ ಹಡಗಿನಲ್ಲಿ ಬಂದ ಪ್ರಯಾಣಿಕರನ್ನು ಫೋಕ್‌ಸ್ಟನ್ ಬಂದರಿನಿಂದ ಲಂಡನ್ನಿಗೆ ಕರೆದೊಯ್ಯುವ ರೈಲಿನಲ್ಲಿ, ಒಂದನೇ ದರ್ಜೆಯ ಡಬ್ಬಿಯಲ್ಲಿ, ಡಿಕನ್ಸ್, ಎಲೆನ್ ಮತ್ತು ಎಲೆನ್ನಳ ತಾಯಿ ಕೂತಿದ್ದರು. ಡಿಕನ್ಸನಿಗೆ ಐವತ್ಮೂರು, ಆಕೆಗೆ ಇಪ್ಪತ್ತಾರು. ಹಡಗು ಬರುವುದು ಸಮುದ್ರದ ಉಬ್ಬರವನ್ನು ನೋಡಿಕೊಂಡು. ಹಾಗಾಗಿ ಆ ರೈಲಿನ ಸಮಯ ದಿನದಿನಕ್ಕೆ ಬದಲಾಗುತ್ತಿತ್ತು. ಕೆಂಟ್ ಪ್ರಾಂತ್ಯದ ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ಬ್ಯೂಲ್ಟ್ ಎಂಬ ಸಣ್ಣ ಹೊಳೆಯ ಸೇತುವೆಯ ಮೇಲೆ ಹಳೆಯ ಮರದ ತೊಲೆಗಳನ್ನು ಬದಲಾಯಿಸುತ್ತಿದ್ದರು. ಮೇಸ್ತ್ರಿ ವೇಳಾಪಟ್ಟಿಯಲ್ಲಿ ತಪ್ಪು ದಿನದ ಸಾಲು ನೋಡಿದ. ರೈಲು ಬರಲು ಇನ್ನೂ ಎರಡು ಗಂಟೆ ಇದೆ ಎಂದುಕೊಂಡು ಹಳಿ ತೆಗೆಸಿದ. ಕೆಂಪು ಬಾವುಟದವನು 1,000 ಗಜ ದೂರದಲ್ಲಿ ನಿಲ್ಲಬೇಕಾಗಿತ್ತು, 554 ಗಜದಲ್ಲೇ ನಿಂತಿದ್ದ. ಮಧ್ಯಾಹ್ನ ಮೂರು ಗಂಟೆ ದಾಟಿದ ಹೊತ್ತಿಗೆ ರೈಲು ಬಂತು. ಮೇಷ್ಟರಗಿತ್ತಿಯ ಬುದ್ಧಿ ನನಗೆ, ಪಟ್ಟಿ ನೋಡುವಾಗ ಒಂದು ಸಾಲು ತಪ್ಪಿದರೆ ಏನಾಗುತ್ತದೆ ಎಂದು ಅಂಕಪಟ್ಟಿ ತುಂಬುವಾಗಲೆಲ್ಲ ಇದನ್ನೇ ನೆನೆಯುತ್ತೇನೆ.

ಒಂದನೇ ದರ್ಜೆಯ ಡಬ್ಬಿಗಳು ಹೊಳೆಯ ಕೆಸರಿಗೆ ಬಿದ್ದವು. ಡಿಕನ್ಸ್ ಇದ್ದ ಡಬ್ಬಿ ಮಾತ್ರ ಮುಂದಿನದಕ್ಕೆ ಸಿಕ್ಕಿಕೊಂಡು ಓರೆಯಾಗಿ ನೇತಾಡಿತು. ಹತ್ತು ಜನ ಸತ್ತರು, ನಲವತ್ತು ಜನ ಗಾಯಗೊಂಡರು. ಡಿಕನ್ಸ್ ಕಿಟಕಿಯಿಂದ ಹೊರಗೆ ಬಂದ, ಗಾರ್ಡಿನಿಂದ ಕೀಲಿಕೈ ಕೇಳಿ ಪಡೆದು ಬಾಗಿಲು ತೆಗೆದ, ಹಲಗೆ ಹಾಸಿ ಇಬ್ಬರು ಹೆಂಗಸರನ್ನೂ ಇಳಿಸಿದ. ಆಮೇಲೆ ಬ್ರಾಂದಿ ಬಾಟಲಿ ಹಿಡಿದು, ತನ್ನ ಎತ್ತರದ ಟೋಪಿಯಲ್ಲಿ ಹೊಳೆಯ ನೀರು ತುಂಬಿಕೊಂಡು, ಗಾಯಾಳುಗಳ ನಡುವೆ ಗಂಟೆಗಟ್ಟಲೆ ಓಡಾಡಿದ. ಅವನ ಕಣ್ಣೆದುರೇ ಜನ ಸತ್ತರು. ಎಲ್ಲ ಮುಗಿದ ಮೇಲೆ, ಬರೆಯುತ್ತಿದ್ದ ಕಾದಂಬರಿಯ ಒಂದು ಕಂತು ಡಬ್ಬಿಯಲ್ಲಿ ಉಳಿದದ್ದು ನೆನಪಾಗಿ ಮತ್ತೆ ಮೇಲೆ ಹತ್ತಿ ಅದನ್ನು ತಂದ! ಇದನ್ನು ಓದುವಾಗ ನನಗೆ ಕಂಡದ್ದು ತಾಂಬೂಲದ ಚೀಲ ಎಣಿಸುತ್ತಿದ್ದ ನಮ್ಮ ಅತ್ತೆ.

ಆಮೇಲೆ ಆದದ್ದು ನೋಡಿ. ಮನೆಗೆ ಬಂದ ಡಿಕನ್ಸನಿಗೆ ಎರಡು ವಾರ ಸ್ವರವೇ ಹೊರಡಲಿಲ್ಲ. ಮೈಮೇಲೆ ಗಾಯವಿರಲಿಲ್ಲ. ಗೆಳೆಯರಿಗೆ ಕಾಗದ ಬರೆಯಲು ಕೂತರೆ ಕೈ ನಡುಗಿ ನಿಲ್ಲಿಸಬೇಕಾಗುತ್ತಿತ್ತು. ಈ ನಡುಕ ಡಬ್ಬಿಯ ಕುಲುಕಾಟದಿಂದಲ್ಲ, ಆಮೇಲೆ ಸಾಯುವವರ ನಡುವೆ ಮಾಡಿದ ಕೆಲಸದಿಂದ ಎಂದು ಅವನೇ ಬರೆದುಕೊಂಡ. ಅಂದರೆ ನನಗೇನೂ ಆಗಿಲ್ಲ ಎಂಬುದನ್ನೇ ಸುತ್ತಿ ಬಳಸಿ ಹೇಳಿದ. ತಿಂಗಳುಗಳಾದವು, ವರ್ಷಗಳಾದವು. ರೈಲು ವೇಗವಾಗಿ ಓಡಿದರೆ ಡಬ್ಬಿ ಎಡಕ್ಕೆ ವಾಲುತ್ತಿದೆ ಎಂದು ಅವನಿಗೆ ಖಚಿತವಾಗಿ ಅನಿಸುತ್ತಿತ್ತು. ಸ್ಟೇಪಲ್‌ಹರ್ಸ್ಟಿನಲ್ಲಿ ಡಬ್ಬಿ ವಾಲಿದ್ದು ಎಡಕ್ಕಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆದರೂ ಅನಿಸುವುದು ನಿಲ್ಲಲಿಲ್ಲ. ಮೂರು ವರ್ಷದ ಮೇಲೆ, 1868ರಲ್ಲಿ ಬರೆದ ಕಾಗದದಲ್ಲಿ, ಊರೊಳಗೆ ಕುದುರೆ ಗಾಡಿಯಲ್ಲಿ ಹೋಗುವಾಗಲೂ ಇದ್ದಕ್ಕಿದ್ದಂತೆ ಭಯ ನುಗ್ಗಿ ಬರುತ್ತದೆ, ಅರ್ಥವಿಲ್ಲದ ಭಯ ಎಂದು ಗೊತ್ತಿದ್ದರೂ ತಡೆಯಲಾಗದು ಎಂದಿದ್ದಾನೆ. ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದ ಅಪ್ಪನನ್ನು ಮಕ್ಕಳು ನೆನಪಿಟ್ಟುಕೊಂಡಿದ್ದರು.

ಡಿಕನ್ಸ್ ತೀರಿಕೊಂಡದ್ದು 1870ರ ಜೂನ್ 9ರಂದು, ಅಪಘಾತವಾಗಿ ಸರಿಯಾಗಿ ಐದು ವರ್ಷಕ್ಕೆ. ಇಂಥ ತಾರೀಖು ಸಿಕ್ಕರೆ ನಮ್ಮ ಜನ ಬಿಡುವುದಿಲ್ಲ, ಇಂಗ್ಲಿಷಿನವರೂ ಬಿಟ್ಟಿಲ್ಲ. ಆದರೆ ಅವನು ಸತ್ತದ್ದು ಪಾರ್ಶ್ವವಾಯುವಿನಿಂದ. ಕಾಲಿನ ಬಾವು ಅಪಘಾತಕ್ಕೆ ಮೊದಲೇ ಶುರುವಾಗಿತ್ತು, ಊರೂರು ಸುತ್ತಿ ತನ್ನ ಪುಸ್ತಕ ಓದಿ ಓದಿ ದೇಹ ಸೋತಿತ್ತು. ತಾರೀಖು ಕೂಡಿತು ಎಂದು ಕಾರಣವನ್ನೂ ಕೂಡಿಸಬಾರದು.

ಇನ್ನು ಎಲೆನ್. ಆಕೆಯೂ ಅದೇ ಡಬ್ಬಿಯಲ್ಲಿದ್ದಳಲ್ಲ, ಆಕೆಗೆ ಏನಾಯಿತು? ಹತ್ತು ಮಕ್ಕಳ ತಾಯಿಯಾದ ಹೆಂಡತಿಯನ್ನು 1858ರಲ್ಲಿ ಬಿಟ್ಟಿದ್ದ ಡಿಕನ್ಸನಿಗೆ, ತನ್ನ ಜೊತೆ ಹುಡುಗಿಯೊಬ್ಬಳಿದ್ದಳು ಎಂದು ಲೋಕಕ್ಕೆ ತಿಳಿಯುವುದು ಬೇಕಿರಲಿಲ್ಲ. ಜನರ ಪ್ರಾಣ ಉಳಿಸಿದ ಮನುಷ್ಯ, ಅಪಘಾತದ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಒಪ್ಪಲಿಲ್ಲ. ಆ ಕಾದಂಬರಿಯ ಕೊನೆಯ ಮಾತಿನಲ್ಲಿ ರೈಲಪಘಾತವನ್ನು ನೆನೆಯುತ್ತಾನೆ. ಹಸ್ತಪ್ರತಿಯಲ್ಲಿದ್ದ ತನ್ನ ಪಾತ್ರಗಳು ತನ್ನೊಂದಿಗೆ ಆ ರೈಲಿನಲ್ಲಿದ್ದವು ಎಂದು ಹೆಸರು ಹಿಡಿದು ಹೇಳುತ್ತಾನೆ. ಕಾಗದದ ಮನುಷ್ಯರಿಗೆ ಹೆಸರು ಸಿಕ್ಕಿತು, ರಕ್ತಮಾಂಸದ ಇಬ್ಬರು ಹೆಂಗಸರಿಗೆ ಸಿಗಲಿಲ್ಲ. ಎಲೆನ್ನಳ ಗುರುತು ಉಳಿದಿರುವುದು ಕಾಗದಗಳ ಅಂಚಿನಲ್ಲಿ. ಅಪಘಾತವಾಗಿ ಮೂರು ದಿನಕ್ಕೆ ಸ್ಟೇಷನ್ ಮಾಸ್ತರರಿಗೆ ಬರೆದ ಚೀಟಿಯಲ್ಲಿ, ತನ್ನ ಡಬ್ಬಿಯಲ್ಲಿದ್ದ ಒಬ್ಬ ಮಹಿಳೆಯ ಚಿನ್ನದ ಗಡಿಯಾರದ ಸರಪಳಿ, ಎಲೆನ್ ಎಂದು ಕೆತ್ತಿದ ಚಿನ್ನದ ಮುದ್ರೆ ಕಳೆದಿವೆ, ಸಿಕ್ಕರೆ ತಿಳಿಸಿ ಎಂದಿದ್ದಾನೆ. ಆ ತಿಂಗಳ ಕೊನೆಗೆ ಮನೆಯ ಆಳಿಗೆ, ಮಿಸ್ ಎಲೆನ್ನಳಿಗೆ ನಾಳೆ ಹಣ್ಣಿನ ಬುಟ್ಟಿ, ಕೆನೆ, ಒಂದು ಕೋಳಿ ಕೊಟ್ಟು ಬಾ, ಬುಧವಾರ ಮತ್ತೆ, ಶುಕ್ರವಾರ ಮತ್ತೆ, ಎಂದು ಬರೆದಿದ್ದಾನೆ. ಆಮೇಲಿನ ಕಾಗದಗಳಲ್ಲಿ ಆಕೆಯನ್ನು ಕರೆಯುವುದೇ 'ರೋಗಿ' ಎಂದು. ಎರಡು ವಾರ ಕಳೆದರೂ ಪಥ್ಯದ ಬುಟ್ಟಿ ಹೋಗುತ್ತಿತ್ತು ಎಂದರೆ ಪೆಟ್ಟು ಸಣ್ಣದಿರಲಾರದು. ಗಾಯವೂ ಗುಟ್ಟು, ಗಾಯಗೊಂಡವಳೂ ಗುಟ್ಟು. ಡಿಕನ್ಸ್ ಸತ್ತ ಮೇಲೆ 1876ರಲ್ಲಿ ಎಲೆನ್ ಒಬ್ಬ ಪಾದ್ರಿಯನ್ನು ಮದುವೆಯಾದಳು, ಹಳೆಯದೆಲ್ಲವನ್ನೂ ಮುಚ್ಚಿಟ್ಟು, ವಯಸ್ಸನ್ನೂ ಹತ್ತಕ್ಕೂ ಹೆಚ್ಚು ವರ್ಷ ಕಡಿಮೆ ಹೇಳಿ. 1914ರಲ್ಲಿ ತೀರಿಕೊಂಡಳು.

ಸ್ಟೇಪಲ್‌ಹರ್ಸ್ಟ್ ಅಪಘಾತದ ಮರುವರ್ಷ, 1866ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸೆನ್ ರೈಲು ಅಪಘಾತಗಳ ಗಾಯಗಳ ಬಗ್ಗೆ ಮಾಡಿದ ಉಪನ್ಯಾಸಗಳು ಅಚ್ಚಾದವು. ಅದರಲ್ಲಿ ಅವರು ವರ್ಣಿಸುವ ರೋಗಿಯನ್ನು ನೋಡಿದರೆ ಡಿಕನ್ಸನನ್ನೇ ಎದುರಿಗೆ ಕೂರಿಸಿಕೊಂಡು ಬರೆದರೇನೋ ಎನಿಸುತ್ತದೆ. ಅಪಘಾತವಾದಾಗ ಏನೂ ಆಗಿಲ್ಲ ಎನ್ನುತ್ತಾನೆ, ಉಳಿದವರಿಗೆ ಸಹಾಯ ಮಾಡುತ್ತಾನೆ, ಮನೆಗೆ ಹೋಗುತ್ತಾನೆ. ಆಮೇಲೆ ಅಳು ಉಕ್ಕುತ್ತದೆ, ಮಾತು ಹೆಚ್ಚಾಗುತ್ತದೆ, ನಿದ್ದೆ ಬರುವುದಿಲ್ಲ, ಬೆಚ್ಚಿ ಏಳುತ್ತಾನೆ. ದಿನಗಳು, ವಾರಗಳು ಕಳೆದ ಮೇಲೆ ಬೆನ್ನು ನೋವು, ಕೈಕಾಲು ಸೋಲುವುದು, ಮರೆವು. ಬೆನ್ನುಹುರಿ ಅಲುಗಾಡಿದ್ದರಿಂದ ಹೀಗಾಗುತ್ತದೆ ಎಂದು ಎರಿಕ್ಸೆನ್ ನಂಬಿದ್ದರು. ಜನ ಇದಕ್ಕೆ 'ರೈಲ್ವೆ ಬೆನ್ನು' ಎಂದು ಹೆಸರಿಟ್ಟರು.

ಹೆಸರು ಬಂದಕೂಡಲೆ ಕೋರ್ಟೂ ಬಂತು. ಪರಿಹಾರ ಕೇಳುವವರು ಎರಿಕ್ಸೆನ್ನರ ಪುಸ್ತಕ ಹಿಡಿದರು, ರೈಲ್ವೆ ಕಂಪನಿಗಳು ತಮ್ಮ ಡಾಕ್ಟರನ್ನು ಹಿಡಿದವು. ಅಂಥ ಒಂದು ಕಂಪನಿಯ ಶಸ್ತ್ರವೈದ್ಯ ಹರ್ಬರ್ಟ್ ಪೇಜ್ 1883ರಲ್ಲಿ ದಪ್ಪ ಪುಸ್ತಕವೊಂದನ್ನು ಬರೆದು, ಬೆನ್ನುಹುರಿಗೆ ಏನೂ ಆಗಿಲ್ಲ, ಇದೆಲ್ಲ ಭಯದ ಫಲ ಎಂದರು. ಭಯದಿಂದಲೂ ಕಾಯಿಲೆಯಾಗುತ್ತದೆ ಎಂದು ಅವರು ಒಪ್ಪಿದ್ದು ದೊಡ್ಡ ಮಾತೇ. ಆದರೆ ಕೋರ್ಟಿನಲ್ಲಿ ಅದು ಬೇರೆ ರೂಪ ತಾಳಿತು. ಕಾಣುವ ಗಾಯವಿಲ್ಲದಿದ್ದರೆ ನಟನೆ, ಗಂಡಸಾದರೆ ದುಡ್ಡಿನಾಸೆ, ಹೆಂಗಸಾದರೆ ಹಿಸ್ಟೀರಿಯಾ. ನಮ್ಮಲ್ಲೂ ಇದೇ ಅಲ್ಲವೆ? ಬಿದ್ದು ತಿಂಗಳಾದ ಮೇಲೆ ಸೊಂಟ ನೋವು ಎನ್ನುವ ಸೊಸೆಗೆ ನಾವು ಇಟ್ಟ ಹೆಸರುಗಳನ್ನು ಬರೆಯಲು ನಾಚಿಕೆಯಾಗುತ್ತದೆ.

ರೈಲು ಹೋಗಿ ಕಾರು ಬಂದಾಗ ನೋವು ಬೆನ್ನಿನಿಂದ ಕುತ್ತಿಗೆಗೆ ಏರಿತು. ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಗುದ್ದಿದರೆ ಮೈ ಮುಂದಕ್ಕೆ ಹೋಗುತ್ತದೆ, ತಲೆ ಹಿಂದೆ ಉಳಿಯುತ್ತದೆ, ಮರುಕ್ಷಣ ಚಾಟಿಯ ತುದಿಯಂತೆ ಮುಂದಕ್ಕೆ ಹಾರುತ್ತದೆ. 1928ರಲ್ಲಿ ಅಮೆರಿಕದ ಹೆರಾಲ್ಡ್ ಕ್ರೋ ಎಂಬ ಡಾಕ್ಟರು ಇದಕ್ಕೆ ಚಾಟಿಯೇಟು, ವಿಪ್‌ಲ್ಯಾಶ್ ಎಂಬ ಮಾತು ಬಳಸಿದರು. ಚಲನೆಗೆ ಕೊಟ್ಟ ಹೆಸರನ್ನು ಜನ ಕಾಯಿಲೆಯ ಹೆಸರು ಮಾಡಿಕೊಂಡರಲ್ಲ ಎಂದು ಅವರೇ ಆಮೇಲೆ ಬೇಸರಪಟ್ಟರು. 1953ರಲ್ಲಿ ಗೇ ಮತ್ತು ಆಬಟ್ ಎಂಬ ಇಬ್ಬರು ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ಬರೆದ ಮೇಲೆ ಆ ಪದ ಮನೆಮನೆಯ ಮಾತಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ನೋವೂ ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ ಏಳುವಾಗಲೇ ತಿಳಿಯುವುದು. ಅಮೆರಿಕದಲ್ಲಿ 1969ರಿಂದ ಹೊಸ ಕಾರುಗಳ ಮುಂದಿನ ಸೀಟಿಗೆ ತಲೆದಿಂಬು ಕಡ್ಡಾಯವಾಯಿತು. ಅದು ತಲೆ ಒರಗಿಸಿ ನಿದ್ದೆ ಮಾಡಲು ಇಟ್ಟದ್ದೆಂದೇ ನಾನು ಬಹಳ ಕಾಲ ತಿಳಿದಿದ್ದೆ.

ಇಲ್ಲೂ ಒಂದು ಮಾತು ಹೇಳಲೇಬೇಕು. ಈ ಚಾಟಿಯೇಟು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಎಂಬುದು ದಶಕಗಳಿಂದ ಗೊತ್ತಿರುವ ವಿಷಯ. ಆದರೂ ಕಾರನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡುವಾಗ ಒಳಗೆ ಕೂರಿಸುವ ಬೊಂಬೆ ಸರಾಸರಿ ಗಂಡಸಿನ ಅಳತೆಯದು. ಹೆಣ್ಣಿನದೆಂದು ಬಳಸಿದ್ದು ತೀರ ಸಣ್ಣ ಆಕಾರದ ಬೊಂಬೆ. ಹಿಂದಿನಿಂದ ಗುದ್ದುವ ಪರೀಕ್ಷೆಗೆ ಸರಾಸರಿ ಹೆಣ್ಣಿನ ಅಳತೆಯ ಬೊಂಬೆಯನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಎಂಬ ವಿಜ್ಞಾನಿ ತಮ್ಮ ಬಳಗದೊಂದಿಗೆ ಸಿದ್ಧಪಡಿಸಿ ತೋರಿಸಿದ್ದು 2022ರಲ್ಲಿ. ಎಲೆನ್ ಟರ್ನನ್ನಳ ಡಬ್ಬಿ ವಾಲಿ 157 ವರ್ಷಕ್ಕೆ.

ಈ ಓದಿನಿಂದ ನಮ್ಮ ಮನೆಯಲ್ಲಿ ಒಂದು ರೂಢಿ ಬಂದಿದೆ. ಯಾರೇ ಬೀಳಲಿ, ಗಾಡಿ ಗುದ್ದಲಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುರುತು ಹಾಕುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ. ಎರಡು ಮೂರು ತಿಂಗಳು ಆ ಗುರುತು ಕಣ್ಣಿಗೆ ಬೀಳುತ್ತಿರಬೇಕು. ಅತ್ತೆಗೆ ಆದದ್ದು ನಿಧಾನದ ಜಾತಿ. ಇನ್ನೊಂದು ಜಾತಿಗೆ ಅಷ್ಟು ವ್ಯವಧಾನವಿಲ್ಲ. ತಲೆಗೆ ಏಟು ಬಿದ್ದವರು ಎದ್ದು ಕೂತು ಮಾತಾಡುತ್ತಾರೆ, ನಗುತ್ತಾರೆ, ಕೆಲವು ಗಂಟೆಗಳಲ್ಲಿ ತಲೆನೋವು, ವಾಂತಿ, ಮಂಪರು. ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್‌ನಲ್ಲಿ ಕೆನಡಾದ ಹಿಮದಲ್ಲಿ ಜಾರಿಬಿದ್ದು, ಬಂದ ಆಂಬುಲೆನ್ಸನ್ನು ಬೇಡವೆಂದು ವಾಪಸು ಕಳಿಸಿದರು. ಎರಡು ದಿನದಲ್ಲಿ ತೀರಿಕೊಂಡರು. ನಲವತ್ತೈದು ವರ್ಷ. ಮಾತಾಡುತ್ತಿದ್ದಾರಲ್ಲ ಎಂದು ಬಿಡುವಂತಿಲ್ಲ. ಹೊಟ್ಟೆಯದೂ ಹೀಗೆಯೇ. ಗುಲ್ಮ ಸೀಳಿ ಒಳಗೇ ರಕ್ತ ಸೋರುವಾಗ ಕೆಲವರಿಗೆ ನೋವು ಕಾಣಿಸುವುದು ಎಡ ಭುಜದಲ್ಲಿ, ಅದನ್ನು ಹೊಟ್ಟೆಯದೆಂದು ಯಾರು ತಿಳಿದಾರು? ಸೀಟ್ ಬೆಲ್ಟು ಜೀವ ಉಳಿಸುತ್ತದೆ, ಹಿಂದಿನ ಸೀಟಿನಲ್ಲೂ ಕಟ್ಟಿಕೊಳ್ಳಲೇಬೇಕು. ಆದರೆ ಅಪಘಾತದ ನಂತರ ಹೊಟ್ಟೆಯ ಮೇಲೆ ಬೆಲ್ಟಿನ ಗುರುತು ನೀಲಿಗಟ್ಟಿದ್ದರೆ ಅದನ್ನು ಡಾಕ್ಟರಿಗೆ ತೋರಿಸಬೇಕು, ಸೆರಗು ಮುಚ್ಚಿಕೊಂಡು ಕೂರಬಾರದು. ಬಸುರಿಯರಂತೂ ಏನೂ ಅನಿಸದಿದ್ದರೂ ಅವತ್ತೇ ಹೋಗಬೇಕು, ಕಸ ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುವುದು ಹೊರಗೆ ತಿಳಿಯುವುದಿಲ್ಲ. ಡಾಕ್ಟರ ಮುಂದೆ ಕೂತಾಗ ಯಾವತ್ತು, ಎಲ್ಲಿ, ಯಾವ ಕಡೆ ಕೂತಿದ್ದರು, ಯಾವ ಮಾತ್ರೆ ನುಂಗುತ್ತಾರೆ ಎಂಬುದನ್ನು ನಾವಾಗಿಯೇ ಹೇಳಬೇಕು. ಅವರು ಕೇಳದೆ ಇರಬಹುದು. ಎಲ್ಲರಿಗೂ ರಾತ್ರಿ ಪಾಳಿಯ ಆ ಹುಡುಗಿ ಸಿಗುವುದಿಲ್ಲ.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ನಾನು ಒಂದನ್ನು ಕಂಡಿರಲಿಲ್ಲ. ಆಪರೇಷನ್ ಆದ ಮೇಲೆ ಅತ್ತೆ ಮೊದಲಿನಂತಾದರು. ರಂಗೋಲಿ ನೆಟ್ಟಗಾಯಿತು, ಬತ್ತಿ ಹೊಸೆದರು. ಒಂದೇ ವ್ಯತ್ಯಾಸವೆಂದರೆ ಎಲ್ಲಿಗೆ ಹೊರಟರೂ ಬಸ್ಸೇ ಆಗಬೇಕು ಎನ್ನುತ್ತಿದ್ದರು. ಕಾರಿನಲ್ಲಿ ಉಸಿರು ಕಟ್ಟುತ್ತೆ, ಬಸ್ಸಲ್ಲಿ ಗಾಳಿ ಆಡುತ್ತೆ, ನಾಲ್ಕು ಜನ ಸಿಗುತ್ತಾರೆ, ಕಾರಿಗೆ ಯಾಕೆ ದುಡ್ಡು ದಂಡ. ಮುದುಕಿಯ ಜಿಪುಣತನ ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. 2015ರಲ್ಲಿ ಡಿಕನ್ಸ್ ಕುರ್ಚಿಯ ಕೈ ಹಿಡಿದು ಕೂರುತ್ತಿದ್ದ ಪುಟ ಓದಿದ ರಾತ್ರಿ ನನಗೆ ಥಟ್ಟನೆ ಹೊಳೆಯಿತು. ಆ ನಡುವೆ ಒಂದೆರಡು ಸಲ ಅನಿವಾರ್ಯವಾಗಿ ಕಾರು ಹತ್ತಿದಾಗ ಅತ್ತೆ ಕಿಟಕಿಯ ಕಡೆ ಕೂರದೆ ನಡುವೆ ಕೂತು, ಒಂದು ಕೈಯಲ್ಲಿ ಮುಂದಿನ ಸೀಟನ್ನೂ ಇನ್ನೊಂದರಲ್ಲಿ ನನ್ನ ಮೊಣಕೈಯನ್ನೂ ಹಿಡಿದಿದ್ದರು. ಉಗುರು ಊರುವ ಹಾಗೆ.

ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಕೇಳಿದೆ. "ಅತ್ತೆ, ನಿಮಗೆ ಕಾರಲ್ಲಿ ಕೂತರೆ ಹೆದರಿಕೆ ಆಗುತ್ತಾ?"

ಅವರು ದಂಟಿನ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. "ಕೂತರೆ ಏನು, ನಿಂತಿದ್ದನ್ನ ನೋಡಿದರೂ ಆಗುತ್ತೆ. ಕಣ್ಣು ಮುಚ್ಚಿದರೆ ಆ ಮರ ಬರುತ್ತೆ ಕಣೇ. ದಿನಾ ಬರುತ್ತೆ."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ?"

"ಏನಂತ ಹೇಳಲಿ? ಅವತ್ತೇ ಏನೂ ಆಗಿಲ್ಲ ಅಂದುಬಿಟ್ಟಿದ್ದೆನಲ್ಲ."

ಆ ತಿಂಗಳ ಕೊನೆಗೆ ತಿಪಟೂರಿನಲ್ಲಿ ಒಂದು ನಾಮಕರಣವಿತ್ತು. ನಾವೆಲ್ಲ ಬಸ್ಸಿನಲ್ಲಿ ಹೋದೆವು. ಅರಸೀಕೆರೆ ದಾಟಿದ ಮೇಲೆ ಆ ಹೊಂಗೆ ಮರ ಬಂದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. "ಇದೇ ಅಲ್ಲವೇನೇ?" ಎಂದರು. ಹೌದು ಎಂದೆ. ಮರ ಹಿಂದೆ ಹೋಗುವವರೆಗೂ ತಿರುಗಿ ನೋಡುತ್ತಿದ್ದರು.